ಮೇಣದಲ್ಲಿ ಮೂಡಿದ ಹಲ್ಲು

"ಆ ಗುಡ್ಡ ಒಂದು ಬೇಡಪ್ಪಾ," ಎಂದ ದೊಡ್ಡಳಿಯ. "ಡಬ್ಬಿ ಕಂಡ್ರೂ ಮುಚ್ಚಳ ತೆಗೀಬೇಡ. ತೆಗೆದ್ರೂ ಒಳಗಿಂದ ಏನೂ ತಗೋಬೇಡ."

"ಯಾಕೆ ಭಾವ, ಕಚ್ಚುತ್ತಾ?" ಎಂದ ಚಿಕ್ಕಳಿಯ. ಭಾನುವಾರದ ಊಟಕ್ಕೆ ಮಾವನ ಮನೆಯಲ್ಲಿ ಸೇರಿದ್ದ ಎಲ್ಲರೂ ನಕ್ಕರು. ದೊಡ್ಡಳಿಯ ಮಾತ್ರ ನಗಲಿಲ್ಲ. ಲೋಟದ ನೀರು ಕುಡಿದು, ತಟ್ಟೆ ಎತ್ತಿಕೊಂಡು ಕೈ ತೊಳೆಯಲು ಎದ್ದು ಹೋದ.

ಚಿಕ್ಕಳಿಯ ಕಟ್ಟುಹಲ್ಲು ಮಾಡುವವನು. ಹೆಂಡತಿಯ ತವರೂರಿಗೆ ಕೆಲಸದ ಸಾಮಾನೆಲ್ಲ ಸಾಗಿಸಿಕೊಂಡು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ದಂತವೈದ್ಯರು ಕಳಿಸಿದ ಅಚ್ಚುಗಳನ್ನು ಮುಂದಿಟ್ಟುಕೊಂಡು, ಗುಲಾಬಿ ಮೇಣವನ್ನು ದೀಪದ ಉರಿಗೆ ಹಿಡಿದು ಮೆತ್ತಗೆ ಮಾಡಿ, ಅದರಲ್ಲಿ ಒಂದೊಂದೇ ಹಲ್ಲು ಕೂರಿಸುವುದು ಅವನ ಕೆಲಸ. ದಿನವಿಡೀ ಬಗ್ಗಿ ಕೂತು ಬೆನ್ನು ಹಿಡಿದುಕೊಳ್ಳುತ್ತಿತ್ತು. ಅದಕ್ಕೇ ಸಂಜೆ ಹೊತ್ತು ಹತ್ತಿರದ ಗುಡ್ಡಗಳನ್ನು ಹತ್ತುವ ಅಭ್ಯಾಸ ಮಾಡಿಕೊಂಡ. ಹತ್ತುವವರ ನಡುವೆ ಒಂದು ಆಟವೂ ಇತ್ತು, ಜಿಯೋಕ್ಯಾಶ್ ಎಂದು. ಯಾರೋ ಕಲ್ಲಿನ ಸಂದಿಯಲ್ಲೊಂದು ಡಬ್ಬಿ ಅಡಗಿಸಿ, ಅದರ ಜಾಗ ಫೋನಿನಲ್ಲಿ ಸಿಗುವಂತೆ ಮಾಡುತ್ತಾರೆ. ಹುಡುಕಿದವನು ಒಳಗಿನ ಚೀಟಿಯಲ್ಲಿ ಹೆಸರು ಬರೆಯಬೇಕು. ಗುಂಡಿಯೋ ಗೋಲಿಯೋ ಒಂದನ್ನು ತೆಗೆದುಕೊಂಡರೆ ಬದಲಿಗೆ ಇನ್ನೊಂದು ಇಡಬೇಕು. ಮಕ್ಕಳಾಟವೇ. ಆದರೆ ಸುತ್ತಮುತ್ತಲಿನ ಯಾವ ಡಬ್ಬಿ ತೆರೆದರೂ ಚೀಟಿಯ ತಲೆಯಲ್ಲಿ ಇರುತ್ತಿದ್ದದ್ದು ಒಂದೇ ಹೆಸರು, ದೊಡ್ಡಳಿಯನದು.

ಆ ಹೊಟ್ಟೆಕಿಚ್ಚನ್ನು ಹೇಗೋ ನುಂಗಬಹುದಿತ್ತು. ಮನೆಯೊಳಗಿನದು ನುಂಗುವ ಹಾಗಿರಲಿಲ್ಲ. ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯಲ್ಲೇ ಇದ್ದ ದೊಡ್ಡಳಿಯ ಲಿಫ್ಟ್ ರಿಪೇರಿಯವನು. ಮೇಲಿನ ಮಹಡಿಯಲ್ಲಿ ಹಗ್ಗ ಕಿರುಗುಟ್ಟಿದರೆ ಕೆಳಗೆ ನಿಂತೇ ಪತ್ತೆ ಹಚ್ಚುವಷ್ಟು ಚುರುಕು ಕಿವಿ. ಅವನ ಹೆಂಡತಿ, ಅಂದರೆ ಚಿಕ್ಕಳಿಯನ ಅತ್ತಿಗೆ, ಬಾಯಿ ತೆರೆದರೆ ಮುಚ್ಚುವವಳಲ್ಲ. ಆದರೂ ಆ ಮನೆಯಲ್ಲಿ ಜಗಳವೆಂಬುದೇ ಇರಲಿಲ್ಲ. ಅವಳು ಬೈದರೂ ದೂರಿದರೂ ಅವನು ಅವಳ ಮುಖವನ್ನೇ ನೋಡುತ್ತ, ನಗುತ್ತ, ತಲೆಯಾಡಿಸುತ್ತ ಕೂತಿರುತ್ತಿದ್ದ. ಹಿಂದಿನಿಂದ ಕರೆದರೆ ಮಾತ್ರ ತಿರುಗುತ್ತಿರಲಿಲ್ಲ. ಗಂಡಸರ ಕಿವಿಗೆ ಬೇಕಾದ್ದಷ್ಟೇ ಕೇಳುವುದು ಎಂದು ಅತ್ತೆ ತಮಾಷೆ ಮಾಡುತ್ತಿದ್ದರು.

"ಭಾವನ್ನ ನೋಡಿ ಕಲೀರಿ," ಎನ್ನುತ್ತಿದ್ದಳು ಚಿಕ್ಕಳಿಯನ ಹೆಂಡತಿ, ಪ್ರತಿ ಜಗಳದ ಕೊನೆಗೆ. "ಒಂದು ದಿನ ಅಕ್ಕನಿಗೆ ಎದುರು ಮಾತಾಡಿದ್ದಾರಾ?"

ಷಡ್ಡಕನನ್ನು ಹೊಗಳಿದ ಮಾತು ಹೊಟ್ಟೆಗೆ ಹೋದರೆ ಬೆಳಗಿನವರೆಗೂ ಕರಗುವುದಿಲ್ಲ. ಚಿಕ್ಕಳಿಯ ಮಗ್ಗಲು ಬದಲಿಸುತ್ತ, ತಾನು ಆ ಮನುಷ್ಯನಿಗಿಂತ ಯಾವುದರಲ್ಲಿ ಕಡಿಮೆ ಎಂದು ಲೆಕ್ಕ ಹಾಕುತ್ತಿದ್ದ.

ಹಾಗಾಗಿ ಗುಡ್ಡಕ್ಕೆ ಹೋಗಲು ದೊಡ್ಡಳಿಯ ಬೇಡ ಎಂದದ್ದೇ ಸಾಕಾಯಿತು. ಅದು ನೀರಿನ ಟ್ಯಾಂಕಿನ ಹಿಂದಿನ ಗುಡ್ಡ, ಊಟ ಅರಗಿಸಲು ಸಾಕಾಗುವಷ್ಟೇ ದೂರ. ದೊಡ್ಡಳಿಯ ವಾರವಾರ ಒಬ್ಬನೇ ಅಲ್ಲಿಗೆ ಹೋಗಿ, ಉಗುರೆಲ್ಲ ಮಣ್ಣು ಮಾಡಿಕೊಂಡು ಬರಿಗೈಯಲ್ಲಿ ಮರಳುವುದನ್ನು ಇವನು ಕಿಟಕಿಯಿಂದ ನೋಡಿದ್ದ. ಏನೋ ಇದೆ, ಒಬ್ಬನೇ ಬಳಿದುಕೊಳ್ಳುವ ಹುನ್ನಾರ, ನನ್ನ ಮೇಲೆ ಭಾವನಿಗೆ ಹೊಟ್ಟೆಕಿಚ್ಚು ಎಂದುಕೊಂಡ. ಒಳಗೆ ಉರಿಯುತ್ತಿರುವವನಿಗೆ ಎದುರಿನವನ ಮನೆಯಲ್ಲೂ ಹೊಗೆಯೇ ಕಾಣುತ್ತದೆ.

ಮರುದಿನ ಕೆಲಸ ಮುಗಿಸಿ, ಮೇಣ ಮೆತ್ತಿದ ಅಂಗಿಯಲ್ಲೇ ಹೊರಟ. ಟ್ಯಾಂಕು ದಾಟುವವರೆಗೆ ಬೀದಿಯ ಸದ್ದು ಬೆನ್ನಿಗೇ ಇತ್ತು: ಬಸ್ಸಿನ ಹಾರನ್, ಯಾರದೋ ಮನೆಯ ಟೀವಿ, ಕಬ್ಬಿಣ ಕುಟ್ಟುವ ಸುತ್ತಿಗೆ. ಏರು ಶುರುವಾದಂತೆ ಅವು ಒಂದೊಂದೇ ಉದುರಿದವು. ಸಣ್ಣದಾಗಲಿಲ್ಲ, ದೂರವಾಗಲಿಲ್ಲ, ಯಾರೋ ಕತ್ತರಿಸಿದ ಹಾಗೆ ನಿಂತುಹೋದವು. ಒಣಹುಲ್ಲು ಮೊಣಕಾಲಿಗೆ ಸವರಿದರೂ ಸರಕ್ಕೆನ್ನಲಿಲ್ಲ. ಬಿಸಿಲು ಕುಡಿದ ಬಂಡೆಗಳಿಂದ ಕಾದ ಕಬ್ಬಿಣದ ವಾಸನೆ ಏಳುತ್ತಿತ್ತು. ತುದಿ ಮುಟ್ಟುವ ಹೊತ್ತಿಗೆ ಬೆಳಕು ಇಳಿದು, ಪೊದೆಗಳ ಬುಡದಲ್ಲಿ ಕತ್ತಲೆ ನೀರಿನಂತೆ ನಿಲ್ಲತೊಡಗಿತ್ತು. ಫೋನಿನ ಬಾಣ ಗರಗರ ತಿರುಗಿ ಅವನ ಎದೆಯ ಕಡೆಗೇ ಮೊನೆ ಮಾಡಿ ನಿಂತಿತು.

ಕಾಲ ಬಳಿಯ ಚಪ್ಪಟೆ ಕಲ್ಲನ್ನು ಸರಿಸಿದ. ತುಕ್ಕು ಹಿಡಿದ ತಗಡಿನ ಡಬ್ಬಿ. ಇಷ್ಟು ಸುಲಭಕ್ಕೆ ಸಿಗುವುದನ್ನು ಹುಡುಕಲು ಭಾವ ವಾರವಾರ ಬರುತ್ತಾನಲ್ಲ ಎಂದು ನಗು ಬಂತು. ಮುಚ್ಚಳ ತೆಗೆದ. ಸುಟ್ಟ ಕೂದಲಿನ ವಾಸನೆ, ಅದರ ಹಿಂದೆಯೇ ಜ್ವರದಲ್ಲಿ ಮಲಗಿದವರ ಬಾಯಿಯ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಚೀಟಿಯಿಲ್ಲ, ಗೋಲಿಯಿಲ್ಲ. ಅಂಗೈಯಗಲದ ಕಪ್ಪು ಮೇಣದ ಬಿಲ್ಲೆ, ಅದಕ್ಕೆ ಸುತ್ತಿದ ಉದ್ದ ಕೂದಲು, ನಡುವೆ ಚುಚ್ಚಿದ ಮೊಳೆ. ಮೇಣದ ಮೇಲೆ ಯಾರೋ ಕಚ್ಚಿದ ಹಲ್ಲಿನ ಗುರುತು.

ಬೇರೆಯವರಾಗಿದ್ದರೆ ಅಲ್ಲೇ ಎಸೆದು ಓಡುತ್ತಿದ್ದರು. ಇವನು ಫೋನಿನ ಬೆಳಕು ಬಿಟ್ಟು ನೋಡಿದ. ಮುಖ ಮರೆತರೂ ಹಲ್ಲು ಮರೆಯುವವನಲ್ಲ. ಎಡಗಡೆಯ ಕೋರೆಹಲ್ಲು ಪಕ್ಕದ್ದರ ಮೇಲೆ ಏರಿತ್ತು. ಅದು ಅತ್ತಿಗೆಯ ಬಾಯಿ. ಅದೇ ಸಾಲಿನ ದವಡೆಹಲ್ಲಿಗೆ ಕ್ಯಾಪ್ ಮಾಡಿಕೊಟ್ಟಿದ್ದವನು ತಾನೇ.

ಹಾಗಾದರೆ ಗುಟ್ಟು ಇದು. ಭಾವ ಮಾಟ ಮಾಡಿಸಿ ಹೆಂಡತಿಯನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದಾನೆ. ಆ ನಗು, ಆ ಶಾಂತಿ, ಊರೆಲ್ಲ ಹೊಗಳುವ ಆ ಸಂಸಾರ, ಎಲ್ಲವೂ ಈ ಮೇಣದ್ದು. ಅವನಿಗೆ ಭಯವಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತಣ್ಣಗಾಯಿತು. ಮುಂದಿನ ಭಾನುವಾರ ಊಟದ ನಡುವೆ ಇದನ್ನು ತೆಗೆದು ಇಟ್ಟರೆ ಅತ್ತೆಯ ಮುಖ ಹೇಗಾಗಬಹುದು? ತನ್ನ ಹೆಂಡತಿಯ ಮುಖ?

ಬಿಲ್ಲೆಯನ್ನು ಜೇಬಿಗೆ ಹಾಕಿದ. ಆಟದ ನಿಯಮ ನೆನಪಾಯಿತು. ಇನ್ನೊಂದು ಜೇಬಿನಲ್ಲಿ ಉಳಿದಿದ್ದ ಗುಲಾಬಿ ಮೇಣದ ಉಂಡೆಯನ್ನು ಡಬ್ಬಿಗೆ ಎಸೆದು, "ತಗೋ, ಕಚ್ಚು," ಎಂದ.

ಮುಚ್ಚಳ ಹಾಕಿದ.

ಒಳಗೆ ಕಚಕ್ ಎಂದಿತು.

ಆ ತುದಿಯಲ್ಲಿ ಅವನು ಕೇಳಿದ ಮೊದಲ ಸದ್ದು ಅದು. ಮುಚ್ಚಳ ಕಿತ್ತ. ಉಂಡೆ ಚಪ್ಪಟೆಯಾಗಿತ್ತು. ಕಪ್ಪಾಗುತ್ತಿತ್ತು. ಮೇಲೆ ಹಲ್ಲು. ಚಿಕ್ಕ ಹಲ್ಲುಗಳು. ಮುಂದಿನ ಎರಡರ ನಡುವೆ ಸಣ್ಣ ಸಂದು. ಆ ಸಂದು ಅವನಿಗೆ ಗೊತ್ತು. ಮೊದಲ ಸಲ ಅವಳು ನಕ್ಕಾಗ ಅದನ್ನು ಕಂಡೇ ಸೋತಿದ್ದ. ಕೈ ಹಾಕಿದ. ಬೆರಳಿಗೆ ಮಣ್ಣು. ಕಲ್ಲು ಇದೆ. ಡಬ್ಬಿ ಇಲ್ಲ. ಕೆದಕಿದ. ಡಬ್ಬಿ ಇಲ್ಲ. ತೊಡೆಯ ಮೇಲೆ ಬಿಸಿಯಾಗಿ ಏನೋ ಇಳಿಯುತ್ತಿತ್ತು. ಜೇಬಿನ ಮೇಣ ಕರಗಿತ್ತು. ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟರು. ತಿರುಗಲಿಲ್ಲ. ಓಡಿದ. ಬಿದ್ದ. ಎದ್ದ. ಮತ್ತೆ ಓಡಿದ.

ಟ್ಯಾಂಕಿನ ಹತ್ತಿರ ಸದ್ದುಗಳೆಲ್ಲ ಒಮ್ಮೆಲೇ ಮರಳಿದವು. ಬಸ್ಸು, ಟೀವಿ, ಸುತ್ತಿಗೆ. ಅಳು ಬರುವಷ್ಟು ಹಗುರಾದ. ಮನೆಯ ಬಾಗಿಲು ತೆರೆದರೆ ಫ್ಯಾನಿನ ಸದ್ದು, ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವ ಸದ್ದು, ಹೆಂಡತಿಯ ಚಪ್ಪಲಿಯ ಸದ್ದು. ಅವಳು ಬಂದು ಅವನ ಕಪ್ಪಾದ ಪ್ಯಾಂಟು, ತರಚಿದ ಮೊಣಕೈ ನೋಡಿ ಬಾಯಿ ತೆರೆದಳು.

ತುಟಿಗಳು ಅಲುಗಿದವು. ಹಲ್ಲಿನ ಸಂದು ಕಂಡಿತು, ಮರೆಯಾಯಿತು, ಮತ್ತೆ ಕಂಡಿತು.

"ಜೋರಾಗಿ ಹೇಳೇ," ಎಂದ.

ಅವಳು ಹೇಳಿದಳು. ಕುತ್ತಿಗೆಯ ನರ ಉಬ್ಬುವಷ್ಟು ಜೋರಾಗಿ ಹೇಳಿದಳು. ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದು ಉರುಳಿತು. ಗೋಡೆಯಾಚೆ ದೊಡ್ಡಳಿಯ ಬಿಕ್ಕಿ ಬಿಕ್ಕಿ ಅಳುತ್ತಿದ್ದ. "ಇನ್ನೊಂದ್ಸಲ ಹೇಳೇ. ಬೈಯಿ, ಬೈತಾನೇ ಇರು."

ಬೆಳಗಾದ ಮೇಲೆ ದೊಡ್ಡಳಿಯ ಇವನ ಕೆಲಸದ ಕೋಣೆಗೆ ಬಂದು, ಅಚ್ಚುಗಳ ನಡುವೆ ತಲೆ ತಗ್ಗಿಸಿ ಕೂತ. ಮದುವೆಯ ಹೊಸತರಲ್ಲಿ ತಾನೂ ಒಬ್ಬನ ಮೇಲೆ ಕರುಬಿ, ಅವನು ಬೇಡ ಎಂದದ್ದಕ್ಕೇ ಹೋಗಿ ಆ ಡಬ್ಬಿ ತೆರೆದದ್ದನ್ನು ಹೇಳಿದ. ಅಂದಿನಿಂದ ಹೆಂಡತಿಯ ದನಿಯೊಂದು ಬಿಟ್ಟು ಉಳಿದದ್ದೆಲ್ಲ ಕೇಳುತ್ತಿತ್ತು. ತುಟಿ ನೋಡಿ ಅರ್ಥ ಮಾಡಿಕೊಂಡದ್ದು ಅರ್ಧ, ಊಹಿಸಿಕೊಂಡದ್ದು ಅರ್ಧ. ಒಮ್ಮೆ ಕಚ್ಚಿಸಿಕೊಂಡವನ ಕಣ್ಣಿಗೆ ಡಬ್ಬಿ ಮತ್ತೆ ಬೀಳುವುದಿಲ್ಲ. ಇನ್ನೊಬ್ಬ ಬಂದು ಒಳಗಿನ ಬಿಲ್ಲೆ ತೆಗೆದರೆ ಮಾತ್ರ ಬಿಡುಗಡೆ. ಆದರೂ ಮನಸ್ಸು ತಡೆಯದೆ ವಾರವಾರ ಹೋಗಿ ಮಣ್ಣು ಕೆದಕುತ್ತಿದ್ದ.

"ನಾನು ಬೇಡ ಅಂದೆ," ಎಂದ ಕೊನೆಗೆ.

"ಬೇಡ ಅಂದ್ರೆ ಹೋಗೇ ಹೋಗ್ತೀನಿ ಅಂತ ನಿಮಗೆ ಗೊತ್ತಿತ್ತಾ ಭಾವ?"

ದೊಡ್ಡಳಿಯ ಏನೋ ಹೇಳಲು ಬಾಯಿ ತೆರೆದ. ಆಗಲೇ ಬೀದಿಯಿಂದ ಅತ್ತಿಗೆ ಕೂಗಿದಳು. ಬೆನ್ನ ಹಿಂದಿನ ಆ ದನಿಗೆ ಅವನು ತಟ್ಟನೆ ತಿರುಗಿ, ಎದ್ದು ಹೋದ.

ಈಗ ದೊಡ್ಡಳಿಯನ ಮನೆಯಲ್ಲಿ ಬೀದಿಗೆ ಕೇಳುವಂತೆ ಜಗಳ. ಹತ್ತು ಮಾತಿಗೆ ಹನ್ನೊಂದು ಮಾತು ಹಿಂದಿರುಗುತ್ತದೆ, ನಡುವೆ ಇಬ್ಬರೂ ನಗುತ್ತಾರೆ. ಚಿಕ್ಕಳಿಯನ ಮನೆ ಶಾಂತ. ಹೆಂಡತಿ ಮಾತಾಡುವಾಗ ಅವನು ಅವಳ ಮುಖವನ್ನೇ ನೋಡುತ್ತ, ನಗುತ್ತ, ತಲೆಯಾಡಿಸುತ್ತ ಕೂತಿರುತ್ತಾನೆ. ಕನಸಿನಲ್ಲಾದರೂ ಅವಳ ದನಿ ಕೇಳೀತೆಂದು ಬೇಗ ಮಲಗುತ್ತಾನೆ. ಕೇಳುವುದಿಲ್ಲ.

ಮಾವನ ಮೂರನೆಯ ಮಗಳ ಮದುವೆಯಾದ ಮೇಲೆ ಭಾನುವಾರದ ಊಟಕ್ಕೆ ಹೊಸ ಅಳಿಯನೂ ಸೇರಿಕೊಂಡ. ಗಟ್ಟಿ ಮೈಯವನು, ಗುಡ್ಡ ಹತ್ತುವ ಹುಚ್ಚಿನವನು, ಹೆಂಡತಿಯೊಂದಿಗೆ ಮುನಿಸಿಕೊಂಡೇ ಬಂದಿದ್ದ. ಬಡಿಸುತ್ತಿದ್ದ ಅತ್ತೆ, ಸಂಸಾರ ಮಾಡುವುದನ್ನು ನಮ್ಮ ಚಿಕ್ಕಳಿಯನಿಂದ ಕಲಿಯಬೇಕು ಎಂದರು. ಹೊಸಬನ ದವಡೆ ಬಿಗಿಯಿತು. ಆ ಬಿಗಿತ ಚಿಕ್ಕಳಿಯನಿಗೆ ಚೆನ್ನಾಗಿ ಗೊತ್ತು.

ಸ್ವಲ್ಪ ಹೊತ್ತು ಬಿಟ್ಟು ಹೊಸಬ, ಹತ್ತಿರದಲ್ಲಿ ಯಾರೂ ಹುಡುಕದ ಡಬ್ಬಿ ಏನಾದರೂ ಇದೆಯೇ ಎಂದು ವಿಚಾರಿಸಿದ. ಎದುರು ಕೂತಿದ್ದ ದೊಡ್ಡಳಿಯನ ಕೈ ಬಾಯಿಗೆ ಹೋಗುತ್ತಿದ್ದದ್ದು ಅಲ್ಲೇ ನಿಂತಿತು.

ಚಿಕ್ಕಳಿಯ ತನ್ನ ಹೆಂಡತಿಯ ಕಡೆ ನೋಡಿದ. ತಂಗಿಗೆ ಏನೋ ಹೇಳಿ ಅವಳು ನಗುತ್ತಿದ್ದಳು. ಹಲ್ಲಿನ ಸಂದು ಕಾಣುವಂತೆ, ತಲೆ ಹಿಂದಕ್ಕೆ ಎಸೆದು, ಸದ್ದಿಲ್ಲದೆ ನಗುತ್ತಿದ್ದಳು.

"ಟ್ಯಾಂಕಿನ ಹಿಂದಿನ ಗುಡ್ಡ ಒಂದು ಬೇಡಪ್ಪಾ," ಎಂದ. ದನಿಯಲ್ಲಿ ಅಕ್ಕರೆಯೇ ಇತ್ತು. "ಡಬ್ಬಿ ಕಂಡ್ರೂ ಮುಚ್ಚಳ ತೆಗೀಬೇಡ."

ಹೊಸ ಅಳಿಯ ಎಲ್ಲರ ಮುಖ ನೋಡಿ ನಕ್ಕ.

ಚಿಕ್ಕಳಿಯ ಲೋಟದ ನೀರು ಕುಡಿದು, ತಟ್ಟೆ ಎತ್ತಿಕೊಂಡು ಕೈ ತೊಳೆಯಲು ಎದ್ದು ಹೋದ.