ದಪ್ಪ ಅಕ್ಷರದ ಪತ್ರ

ನನ್ನ ಎಸ್‌ಟಿಡಿ ಅಂಗಡಿಗೆ ಕಂಪ್ಯೂಟರು ಬಂದದ್ದು ತೊಂಬತ್ತೊಂಬತ್ತರ ಜನವರಿಯಲ್ಲಿ. ಮಸ್ಕತ್ತಿನಲ್ಲಿ ನರ್ಸಾಗಿದ್ದ ಮಗಳಿಗೆ ಸುದ್ದಿ ಕಳಿಸಲು ಬಂದಿದ್ದ ಪಾಲಹಳ್ಳಿಯ ಹೊನ್ನಪ್ಪ ಅದರ ಮುಂದೆ ಬಗ್ಗಿ, "ಕೇಳುಸ್ತಾ ಐತೇನವ್ವಾ? ಹಸು ಈದೈತೆ," ಎಂದು ಕೂಗಿದ.

ಬಾಗಿಲಲ್ಲಿ ನಿಂತಿದ್ದ ಯಶೋಧ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ನಗು ಕಣ್ಣಿನಲ್ಲಿ ಉಳಿದುಬಿಟ್ಟಿತ್ತು.

"ಇದು ಫೋನಲ್ಲ ಹೊನ್ನಪ್ಪಣ್ಣ, ತಂತಿ ಕೊಟ್ಟಂಗೆ. ನೀವು ಯೋಳಿ, ನಾನು ಟೈಪ್ ಒಡೀತೀನಿ. ಏನ್ ಕರ, ಗಂಡೋ ಹೆಣ್ಣೋ?" ಎಂದಳು.

ತಾಲ್ಲೂಕು ಕಚೇರಿಯ ಗೇಟಿನ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಟೈಪು ಮಾಡುತ್ತಿದ್ದವಳು ಅವಳು. ಅವತ್ತು ಅವಳ ಅಣ್ಣನ ಫೋನು ಬಂದಿತ್ತು. ಆಗ ನಮ್ಮ ಬೀದಿಯ ಅರ್ಧ ಜನಕ್ಕೆ ನನ್ನ ಅಂಗಡಿಯದೇ ಪಿಪಿ ನಂಬರು. ಫೋನು ಬಂದರೆ ನಾನು ಹೋಗಿ ಕರೆಯಬೇಕು, ಅವರು ಬಂದು ಕಾಯಬೇಕು, ಹತ್ತು ನಿಮಿಷಕ್ಕೆ ಮತ್ತೆ ರಿಂಗಾಗಬೇಕು. ನನ್ನ ಅಂಗಡಿಯಿಂದ ಅವಳ ಮೇಜಿಗೆ ನಲವತ್ತು ಹೆಜ್ಜೆ. ಎಣಿಸಿದ್ದೇನೆ.

ಅಂದಿನಿಂದ ಆ ಕಂಪ್ಯೂಟರಿಗೆ ಅವಳೇ ಕೈ. ಕಚೇರಿ ತೆರೆಯುವ ಮುನ್ನ ಒಂದು ಗಂಟೆ, ಸಂಜೆ ಒಂದು ಗಂಟೆ, ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ಜನ ಕನ್ನಡದಲ್ಲಿ ಹೇಳುತ್ತಿದ್ದರು, ಅವಳು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಿದ್ದಳು. ಇಡೀ ಅಂಗಡಿಗೆ ಇದ್ದದ್ದು ಒಂದೇ ಇಮೇಲ್ ಐಡಿ. ಬಂದ ಪತ್ರ ಯಾರದೆಂದು ತಿಳಿಯಲು ತೆರೆದು ಓದಲೇಬೇಕಿತ್ತು. ಓದಿ, ಪ್ರಿಂಟು ತೆಗೆದು, ಮಡಿಸಿ, ಮೇಲೆ ಹೆಸರು ಬರೆದು ಡ್ರಾಯರಿನಲ್ಲಿಟ್ಟು, ಬಸ್ಸಿನ ಕಂಡಕ್ಟರ್ ಕೈಲಿ ಊರಿಗೆ ಸುದ್ದಿ ಕಳಿಸುತ್ತಿದ್ದೆವು.

"ದಪ್ಪಕ್ಕಿರೋ ಅಕ್ಸರ ಅಂದ್ರೆ ಓದ್ದೆ ಇರೋ ಪತ್ರ," ಎಂದು ಅವಳೇ ನನಗೆ ಕಲಿಸಿದ್ದು. "ಒಂದ್ ಸಲ ತೆಗುದ್ರೆ ತೆಳ್ಳಗಾಯ್ತದೆ. ನೋಡ್ಕಳಿ."

ನಾನು ಒಂದೇ ಬೆರಳಲ್ಲಿ ಟೈಪು ಮಾಡುವಾಗ ಓರೆಗಣ್ಣಲ್ಲಿ ನೋಡುತ್ತಿದ್ದಳು.

"ಅದೇನ್ರೀ, ಕೋಳಿ ಕಾಳು ಕುಕ್ದಂಗೆ?"

"ಕಲ್ತ್‌ಬುಟ್ರೆ ನೀವು ಬರೋದೇ ಬ್ಯಾಡ್ವಲ್ಲ."

ಅವಳು ಪರದೆಯ ಕಡೆ ತಿರುಗಿಕೊಂಡಳು. ಅಲ್ಲಿ ಓದಲು ಏನೂ ಇರಲಿಲ್ಲ. ಊರೆಲ್ಲ ನನ್ನನ್ನು ತಿಮ್ಮೇಶಣ್ಣ ಎನ್ನುತ್ತದೆ. ಅವಳು ಒಂದು ದಿನವೂ ಅಣ್ಣ ಎಂದವಳಲ್ಲ. ಅದು ನನಗೆ ಹೊಳೆದದ್ದು ಬಹಳ ತಡವಾಗಿ.

ಅವಳಿಗೆ ಮೂವತ್ತಮೂರು, ಮೂಲಾ ನಕ್ಷತ್ರ. ಅಂಥ ಹುಡುಗಿ ಮನೆಗೆ ಬಂದರೆ ಮಾವನಿಗೆ ಆಗುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ನೋಡಲು ಬಂದ ಏಳು ಕಡೆಯವರು ಉಪ್ಪಿಟ್ಟು ತಿಂದು, ಜಾತಕ ನೋಡಿ, ಎದ್ದು ಹೋಗಿದ್ದರು.

"ಏಳು ಜನ ಮಾವಂದಿರ ಜೀವ ಉಳ್ಸಿವ್ನಿ," ಎಂದಿದ್ದಳು ಒಮ್ಮೆ, ಕೀಲಿಗಳ ಮೇಲಿಂದ ಕಣ್ಣೆತ್ತದೆ. ಹೊನ್ನಪ್ಪ ನಕ್ಕ. ನನಗೆ ನಗಲಾಗಲಿಲ್ಲ.

ಆ ವರ್ಷ ಅವಳ ಅಣ್ಣ ರಘುನಂದನ್ ಬಯೋಡೇಟಾದಲ್ಲಿ ಪಿಪಿ ನಂಬರಿನ ಕೆಳಗೆ ಅಂಗಡಿಯ ಇಮೇಲನ್ನೂ ಹಾಕಿಸಿದ. ಅದನ್ನು ಟೈಪು ಮಾಡಿದವಳೂ ಅವಳೇ.

ನಾನು ಮೂವತ್ತೆಂಟು ದಾಟಿದ್ದೆ. ಅಪ್ಪ ಹೋದಾಗ ನಾನಿನ್ನೂ ಪಿಯುಸಿ. ಇಬ್ಬರು ತಂಗಿಯರನ್ನು ದಡ ಸೇರಿಸುವಷ್ಟರಲ್ಲಿ ಆಸೆಗೂ ಸುಸ್ತಾಗಿತ್ತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಪಕ್ಕದಲ್ಲಿ ಕೂರುತ್ತಾಳಲ್ಲ, ಅಷ್ಟು ಸಾಕು ಅನ್ನಿಸಿತ್ತು. ಬಾಯಿ ಬಿಟ್ಟರೆ ಅದೂ ಹೋದೀತು ಎಂಬ ಲೆಕ್ಕಾಚಾರ.

ಆದರೆ ವರ್ಷ ನಿಲ್ಲಲಿಲ್ಲ. ಜೂನಿನ ಹೊತ್ತಿಗೆ ಪುಕ್ಕಟೆ ಐಡಿಗಳ ಸುದ್ದಿ ಬಂತು. ಪಾಂಡವಪುರ, ಕೆ.ಆರ್. ಪೇಟೆಯ ಕಾಲೇಜು ಹುಡುಗರು ಬಸ್ಸು ಹತ್ತಿ ಬರತೊಡಗಿದರು. ಅವರವರಿಗೆ ಅವರದೇ ಐಡಿ, ಅವರದೇ ಪಾಸ್‌ವರ್ಡು, ಕಾಣದೂರಿನವರ ಜೊತೆ ಚಾಟಿಂಗು. ಅಕ್ಟೋಬರಿನಲ್ಲಿ ಇನ್ನೆರಡು ಕಂಪ್ಯೂಟರು ತಂದು ಪ್ಲೈವುಡ್ಡಿನ ಮರೆ ಕಟ್ಟಿಸಿದೆ. ಹೇಳಿ ಬರೆಸುವವರು ಒಬ್ಬೊಬ್ಬರೇ ಕಡಿಮೆಯಾದರು.

ನವೆಂಬರಿನಲ್ಲಿ ಹೊನ್ನಪ್ಪ ಬಂದು ಅವಳ ಮುಂದೆ ತಲೆ ಕೆರೆದುಕೊಂಡ. "ಮೊಮ್ಮಗಳು ಚಿನ್ನು ನಂಗೂ ಒಂದು ಐಡಿ ಮಾಡ್‌ಬುಟ್ಳು ಕಣವ್ವ. ಹಸಿನ ಹೆಸರೇ ಪಾಸ್‌ವರ್ಡು. ಬೇಜಾರ್ ಮಾಡ್ಕಬ್ಯಾಡ."

"ಬೇಜಾರೇನ್ ಬಂತು ಬುಡಣ್ಣ," ಎಂದಳು. ಅವನು ಹೋದ ಮೇಲೆ ಬಹಳ ಹೊತ್ತು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೆಲಸವಿಲ್ಲದ ಅವಳ ಕೈಗಳನ್ನು ನಾನು ನೋಡಿದ್ದು ಅದೇ ಮೊದಲು.

ಡಿಸೆಂಬರ್ ಆರು, ಸೋಮವಾರ. ನಾನು ಟೀ ಕುಡಿದು ಬರುವಷ್ಟರಲ್ಲಿ ಅವಳು ತನ್ನ ಮೇಜಿಗೆ ಹೋಗಿಯಾಗಿತ್ತು. ಅಂಗಡಿಯ ಐಡಿಗೆ ಒಂದು ಪತ್ರ ಬಂದಿತ್ತು. ಅವಳ ಹೆಸರಿಗೆ.

ಬರೆದವನು ನಾಗಮಂಗಲದ ಕಡೆಯವನು, ಪೂನಾದ ಕಾರ್ಖಾನೆಯಲ್ಲಿ ಕೆಲಸ. ತಂದೆ ಹೋಗಿ ನಾಲ್ಕು ವರ್ಷವಾಗಿದೆಯಂತೆ. ಫೋಟೋ ನೋಡಿದ್ದೇನೆ, ನನಗೆ ಒಪ್ಪಿಗೆ, ನಿಮ್ಮ ಮನಸ್ಸೇನೆಂದು ನಿಮ್ಮಿಂದಲೇ ತಿಳಿಯಬೇಕು, ರಜೆ ಹಾಕಬೇಕಾದ್ದರಿಂದ ಹದಿನೈದರೊಳಗೆ ಬರೆಯಿರಿ ಎಂದಿತ್ತು. ಒಂದು ಕೆಟ್ಟ ಮಾತಿರಲಿಲ್ಲ. ಹುಳುಕು ಹುಡುಕಿ ಮೂರು ಸಲ ಓದಿ ಸೋತೆ.

ಪ್ರಿಂಟು ತೆಗೆದೆ. ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿದೆ. ಮಡಿಸಿದೆ. ಹೆಸರು ಬರೆದೆ. ಡ್ರಾಯರಿನ ತಳಕ್ಕೆ ಹಾಕಿದೆ.

ಮರುದಿನ ಅವಳು ಕೇಳಿದಳು. "ನಂಗೇನಾದ್ರೂ ಬಂದೈತೇನ್ರೀ?"

"ಇಲ್ಲ."

ಗುರುವಾರ ಮತ್ತೆ ಕೇಳಿದಳು. ಮತ್ತೆ ಇಲ್ಲ ಎಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ, ಬ್ಯಾಗು ಎತ್ತಿಕೊಂಡಳು. ಹದಿನಾಲ್ಕರ ಸಂಜೆ ಸ್ಟೂಲನ್ನು ಗೋಡೆಗೆ ಸರಿಸಿ, "ನಾಳಿಂದ ಬರಾಕಿಲ್ಲ. ಇಲ್ಲಿ ನಂಗಿನ್ನೇನ್ ಕೆಲ್ಸ," ಎಂದು ಹೊರಟಳು.

ಹದಿನೈದರ ಮಧ್ಯಾಹ್ನ ನಲವತ್ತು ಹೆಜ್ಜೆ ನಡೆದು ಹೊಂಗೆ ಮರದ ಕೆಳಗೆ ನಿಂತೆ.

"ನಿಮ್ಗೊಂದು ಫೋನು."

ಅವಳು ಟೈಪ್‌ರೈಟರಿಗೆ ಕವರು ಹಾಕಿ ಹಿಂದೆಯೇ ಬಂದಳು. ಫೋನಿನ ಮುಂದೆ ಕಾದಳು. ಅದು ರಿಂಗಾಗಲಿಲ್ಲ.

"ಯಾರದು?"

"ಯಾರ್ದೂ ಅಲ್ಲ. ನಾನೇ." ಡ್ರಾಯರಿನಿಂದ ಪತ್ರ ತೆಗೆದು ಕೌಂಟರಿನ ಮೇಲಿಟ್ಟೆ. "ಆರನೇ ತಾರೀಕು ಬಂದದ್ದು. ಕೊಡ್ದೆ ಮಡಗ್ಬುಟ್ಟಿದ್ದೆ, ನಂದು ತಪ್ಪು. ಇವತ್ತೇ ಕಡೇ ದಿನ. ಒಳ್ಳೇರಂಗೆ ಕಾಣ್ತಾರೆ. ಬರೀರಿ, ಲೈನ್ ಹಾಕ್ಕೊಡ್ತೀನಿ."

ಅವಳು ಪತ್ರವನ್ನು ಮುಟ್ಟಲಿಲ್ಲ. "ನೀವು ನೋಡ್ದಾಗ ಅಕ್ಸರ ಎಂಗಿದ್ವು? ದಪ್ಪಕ್ಕೋ, ತೆಳ್ಳಗೋ?"

ನೆನಪು ಮಾಡಿಕೊಂಡೆ. ಕಿವಿ ಬಿಸಿಯಾಯಿತು. ತೆಳ್ಳಗಿದ್ದವು.

"ನೀವು ಟೀಗೆ ಓಗಿದ್ರಲ್ಲ, ಆಗ್ಲೇ ಓದಿದ್ದೆ," ಎಂದಳು.

"ಅಂಗಾರೆ ಯಾಕೆ ಸುಮ್ನಿದ್ರಿ?"

"ಕೊಡ್ತೀರೋ ಇಲ್ವೋ ನೋಡಾವ ಅಂತ. ಅವತ್ತೇ ಕೊಟ್ಬುಟ್ಟಿದ್ರೆ ಪೂನಾಗೆ ಓಯ್ತಿದ್ದೆ."

"ಕೊಡ್ಲಿಲ್ವಲ್ಲ."

"ಕೊಡ್ಲಿಲ್ಲ. ಬಾಯೂ ಬುಡ್ಲಿಲ್ಲ. ಒಂಬತ್ತು ದಿನ ಡ್ರಾಯರ್ ಕಾಯ್ಕಂಡು ಕುಂತಿದ್ರಿ." ಅವಳ ದನಿ ಏರಲಿಲ್ಲ, ಇನ್ನಷ್ಟು ಇಳಿಯಿತು. "ಸಾಕಾಗೈತೆ ಕಣ್ರೀ ನಂಗೆ. ಬಂದೋರ ಮುಂದೆಲ್ಲ ಕುಂತು ಸಾಕಾಗೈತೆ. ಊರೋರ ಮಾತ್ನೆಲ್ಲ ಟೈಪ್ ಒಡ್ದು ಸಾಕಾಗೈತೆ. ನಿಮ್ ಮಾತ್ನೂ ನಾನೇ ಒಡೀಬೇಕಾ?"

ಪ್ಲೈವುಡ್ಡಿನ ಆಚೆ ಯಾರೋ ಚಾಟಿಂಗಿನಲ್ಲಿ ನಗುತ್ತಿದ್ದರು. ನನಗೆ ಪೂನಾದವನಂತೆ ಬರೆಯಲು ಬರುವುದಿಲ್ಲ. ಬಾಯಿಗೆ ಬಂದದ್ದು ಇಷ್ಟೇ.

"ನಮ್ಮನೇಲಿ... ಮಾವ ಇಲ್ಲ."

ಅವಳು ಕೌಂಟರಿನ ಅಂಚನ್ನು ಉಗುರಿನಿಂದ ಗೀರುತ್ತ ನಿಂತಳು. ಕೆನ್ನೆಯ ಒಂದು ಬದಿ ಮಾತ್ರ ಸಣ್ಣಗೆ ಅಲುಗಿತು.

"ಗೊತ್ತು. ಆ ಮರದ ಕೆಳ್ಗೆ ಮೇಜು ಹಾಕ್ದಾಗ್ಲಿಂದ ಗೊತ್ತು."

"ಅವ್ವ ಅವ್ಳೆ."

"ಮೂಲಾ ಅತ್ತೇರಿಗೆ ತಾಕಾಕಿಲ್ಲ. ಕೇಳ್ಕಂಡಿವ್ನಿ."

ಗೋಡೆ ಪಕ್ಕದ ಸ್ಟೂಲನ್ನು ತಾನೇ ಎಳೆದುಕೊಂಡು ಕೂತಳು. ಮೋಡೆಮ್ಮು ಕಿರ್ರೆಂದು, ಗೊರಗೊರ ಎಂದು, ಕೊನೆಗೆ ಲೈನು ಹಿಡಿಯಿತು.

"ಪೂನಾದೋರು ಕಾಯ್ತಾವ್ರೆ. ಯೋಳಿ, ಏನಂತ ಒಡೀಲಿ?"

"ಪತ್ರ ತಡವಾಗಿ ಕೈಸೇರ್ತು ಅಂತ..."

"ಸುಳ್ಳು ಬ್ಯಾಡ."

ಯೋಚಿಸಿದೆ. "ನಿಮ್ಮ ಪತ್ರ ಒಳ್ಳೇದಿತ್ತು. ಆದ್ರೆ ಹುಡುಗಿಗೆ ಊರಲ್ಲೇ ಮನೆ ಗೊತ್ತಾಗೈತೆ. ನಿಮ್ಗೆ ಒಳ್ಳೇದಾಗ್ಲಿ."

ಅವಳು ಒಂದಕ್ಷರ ಬದಲಿಸದೆ ಹೊಡೆದಳು. ನಮ್ಮ ಅಂಗಡಿಯಲ್ಲಿ ಬಾಯಲ್ಲಿ ಹೇಳಿ ಬರೆಸಿದ ಕೊನೆಯ ಪತ್ರ ಅದು. ಕಳಿಸಿದ ಮೇಲೂ ಅವಳು ಏಳಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಇನ್ನೊಂದು ಸ್ಟೂಲು ತಂದು ಪಕ್ಕಕ್ಕೆ ಹಾಕಿಕೊಂಡೆ.