ಕೂಗದೆ ಬಿಟ್ಟ ಹೆಸರು

"ಉಸಿ, ಆ ಕಟ್ಟು ಮೇಲೆ ಕೊಡಿ. ನನ್ನ ಮುಖ ನೋಡ್ತಾ ನಿಂತ್ರೆ ಸೂರು ತಾನಾಗೇ ಮುಚ್ಕೊಳ್ಳಲ್ಲ."

ನಮ್ಮ ಕೇರಿಯ ಒಬೆತ್ ನಮ್ಮ ಮನೆಯ ಮೇಲೆ ಕೂತು, ಹಳೆಯ ಸಾಗೊ ಮರದ ಗರಿ ಕಿತ್ತು ಹೊಸದು ಹೊದಿಸುತ್ತಿದ್ದ. ನನಗಿಂತ ಎರಡು ವರ್ಷ ದೊಡ್ಡವನು. ಆದರೂ ಅಕ್ಕ ಎಂಬಂತೆ 'ಉಸಿ' ಎಂದೇ ಕರೆಯುತ್ತಿದ್ದ. ಮದುವೆಯಾದ ಹೆಂಗಸಿಗೆ ಕೊಡುವ ಮರ್ಯಾದೆ ಅದು.

"ನಿನ್ನ ಮುಖ ಯಾರು ನೋಡ್ತಾರೆ? ಗರಿ ನೆಟ್ಟಗಿದ್ಯಾ ಅಂತ ನೋಡ್ತಿದೀನಿ."

"ಗರಿ ಆ ಕಡೆ ಇದೆ."

ನಕ್ಕಿದ್ದು ಅವನಿಗೆ ಕಾಣದಿರಲೆಂದು ತಲೆ ಬಗ್ಗಿಸಿದೆ. ಆಗಲೇ ನೆಲ ತೂಗಿತು.

ಜೋರೇನಲ್ಲ. ದೋಣಿ ದಡ ಬಿಟ್ಟಾಗ ಆಗುವಂಥ ನಿಧಾನದ ತೂಗು. ಗೂಡಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಕೇರಿಯ ಮನೆಮನೆಯಿಂದ ಹೆಸರು ಕೂಗುವುದು ಶುರುವಾಯಿತು.

ಮೇಲೆ ಯಾರೂ ಇಲ್ಲವೆಂದುಕೊಂಡಾಗ ಭೂಮಿ ಹೊತ್ತವನು ಹೆಗಲು ಬದಲಿಸುತ್ತಾನಂತೆ. ಅದಕ್ಕೇ ಅಲುಗಾಟ ನಿಲ್ಲುವುದರೊಳಗೆ ಮನೆಯವರ ಹೆಸರೆಲ್ಲ ಕೂಗಬೇಕು. ತನ್ನದೂ, ಸಮುದ್ರಕ್ಕೆ ಹೋದವರದ್ದೂ ಸೇರಿ. ಒಂದು ಹೆಸರು ಬಿಟ್ಟರೆ ಆ ಮನುಷ್ಯನನ್ನೇ ಕೈಬಿಟ್ಟಂತೆ.

ನನ್ನ ಗಂಡ ರೂಬೆನ್ ಬಾಂಡಾ ಸಮುದ್ರಕ್ಕೆ ಟ್ಯೂನಾ ಹಿಡಿಯಲು ಹೋಗಿ ನಾಲ್ಕು ವರ್ಷ. ದೋಣಿಯ ಒಂದು ಹಲಗೆಯೂ ದಡಕ್ಕೆ ಬರಲಿಲ್ಲ. ಅಂದಿನಿಂದ ಭೂಮಿ ಅಲುಗಿದಾಗಲೆಲ್ಲ ಮೊದಲು ಕೂಗಿದ್ದು ಅವನ ಹೆಸರನ್ನೇ.

ಆ ದಿನ ಒಬೆತ್‌ನ ಕಾಲು ಜಾರಿದ್ದು ಕಂಡಿತು.

"ಯಾಕೋಬಾ ಅಮ್ಮ ಇದಾರೆ. ಫಿನಾ ಇದಾಳೆ. ಒಬೆತ್ ಇದಾನೆ, ಒಬೆತ್ ಇದಾನೆ, ಒಬೆತ್..."

ತೂಗು ನಿಂತಿತು. ತೊಲೆ ತಬ್ಬಿ ಕೂತಿದ್ದ ಒಬೆತ್ ನನ್ನನ್ನೇ ನೋಡುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಯಾಕೋಬಾ, ಕೈಯಲ್ಲಿ ಗಂಜಿ ತಿರುವುವ ಕೋಲು. ತಿರುಗಿ ಒಳಗೆ ಹೋದರು.

ರೂಬೆನ್‌ನ ಹೆಸರು ನನ್ನ ಬಾಯಿಗೇ ಬಂದಿರಲಿಲ್ಲ.

ಒಂದು ಅಲುಗಾಟದ ಹಿಂದೆ ಸಣ್ಣದೊಂದು ಬರುತ್ತದೆ, ಆಗ ಕೂಗಿ ತಪ್ಪು ತಿದ್ದಿಕೊಳ್ಳೋಣ ಎಂದು ಕಾದೆ. ಮೂರು ದಿನ ಮೆಟ್ಟಿಲ ಮೇಲೆ ಕೂತು ಬಾದಾಮಿಯಂಥ ಕೆನಾರಿ ಕಾಯಿ ಒಡೆದೆ, ಎಡಗೈಯನ್ನು ಹಲಗೆಗೆ ಒತ್ತಿಕೊಂಡೇ. ಇನ್ನೊಮ್ಮೆ ಅಲುಗಬಾರದು ಎಂದು ಊರೆಲ್ಲ ಪ್ರಾರ್ಥಿಸುತ್ತಿತ್ತು. ಅಲುಗಲಿ ಎಂದು ಬೇಡುತ್ತಿದ್ದವಳು ನಾನೊಬ್ಬಳೇ. ಅತ್ತೆ ತಟ್ಟೆ ತಂದಿಡುತ್ತಿದ್ದರು, ಮಾತಿಲ್ಲ.

ಮೂರನೆಯ ಸಂಜೆ ಒಬೆತ್ ಬಂದ.

"ಸೂರು ಅರ್ಧಕ್ಕೇ ನಿಂತಿದೆ, ಫಿನಾ."

'ಉಸಿ' ಇರಲಿಲ್ಲ. ನನಗೆ ತಿಳಿಯಿತು. ನನಗೆ ತಿಳಿಯಿತೆಂದು ಅವನಿಗೂ.

"ನಿಲ್ಲಲಿ."

"ಮಳೆ ಬಂದ್ರೆ?"

"ನೆನೀತೀವಿ."

ಅವನು ಎರಡು ಮೆಟ್ಟಿಲು ಕೆಳಗೆ ಕೂತು ಫೋನ್ ತೆಗೆದ. "ನೀನು ಯಾವುದಕ್ಕೆ ಕಾಯ್ತಿದೀಯ ಅಂತ ಗೊತ್ತು. ಇಲ್ಲಿ ನೋಡು, ನಾನೂರು ಕಿಲೋಮೀಟರ್ ಆಳದಲ್ಲಿ ಆಗಿದ್ದಂತೆ. ಅಷ್ಟು ಆಳದ್ದರ ಹಿಂದೆ ಇನ್ನೊಂದು ಬರೋದು ತೀರಾ ಕಮ್ಮಿ ಅಂದ್ರು ಮೇಷ್ಟ್ರು."

"ಹಾಗಾದ್ರೆ ಅವನ ಹೆಸರು ಬಿಟ್ಟೇ ಹೋಯ್ತು."

"ನನ್ನ ಹೆಸರು ವಾಪಸ್ ತಗೋತೀಯಾ?"

ಹೂಂ ಎನ್ನಬೇಕಿತ್ತು. ಎನ್ನುವ ಮನಸ್ಸಿರಲಿಲ್ಲ. ಮೂರು ದಿನ ನನ್ನನ್ನು ಕೊರೆದದ್ದೂ ಅದೇ. ಮರೆತದ್ದಕ್ಕೆ ನಾಚಿಕೆಯಿತ್ತು, ಕೂಗಿದ್ದಕ್ಕೆ ಇರಲಿಲ್ಲ.

ಅವನು ಎದ್ದು, ಕಂಬಗಳ ಮೇಲೆ ನಿಂತ ನಮ್ಮ ಮನೆಯ ಅಡಿಗೆ ನುಸುಳಿದ. ಒಂದು ಗಳಿಗೆಯಲ್ಲಿ ಕಾಲಡಿಯ ಹಲಗೆ ನಡುಗಿತು. ಲೋಟಗಳು ಕಿಣಿಕಿಣಿ.

"ಏನ್ ಮಾಡ್ತಿದೀಯ?"

"ಕಂಬ ಅಲ್ಲಾಡಿಸ್ತಿದೀನಿ. ರೂಬೆನ್ ಅಣ್ಣನ ಹೆಸರು ಕೂಗು. ಬೇಗ. ಕಂಬ ಗಟ್ಟಿ ಇದೆ, ನನ್ನ ಭುಜ ಅಷ್ಟು ಗಟ್ಟಿ ಇಲ್ಲ."

ಎದ್ದು ನಿಂತೆ. "ರೂ..." ಎಂದಿದ್ದೆ ಅಷ್ಟೇ.

ಹಿಂದಿನಿಂದ ಒಂದು ಒದ್ದೆ ಕೈ ಭುಜದ ಮೇಲೆ ಬಿತ್ತು. "ಅದು ನನ್ನ ಕೆಲಸ," ಎಂದರು ಅತ್ತೆ. "ಅವತ್ತೂ ಕೂಗಿದ್ದೆ, ಒಲೆ ಮುಂದೆ. ನೀನು ಕಿರುಚ್ತಿದ್ದ ಜೋರಿಗೆ ನನ್ನದು ಯಾರಿಗೆ ಕೇಳಬೇಕು?"

"ಮತ್ತೆ ಮೂರು ದಿನ ಮಾತೇ ಆಡ್ಲಿಲ್ಲವಲ್ಲಮ್ಮ?"

"ಕೋಪ ಇತ್ತು. ಇನ್ನೂ ಇದೆ ಸ್ವಲ್ಪ." ಅವರು ಕಣ್ಣೊರೆಸಿಕೊಳ್ಳಲಿಲ್ಲ. "ಹೆತ್ತೋಳು ಇರೋತನಕ ಅವನ ಹೆಸರು ಬಿಟ್ಟುಹೋಗಲ್ಲ. ನೀನು ನಿನ್ನದು ಕೂಗು."

ಕೆಳಗಿನಿಂದ ಏದುಸಿರು. "ಅಮ್ಮ, ನಿಲ್ಲಿಸ್ಲಾ?"

"ಅಲ್ಲಾಡ್ಸೋ ಸುಮ್ನೆ. ನಮ್ಮದು ಮುಗಿದಿಲ್ಲ."

ಅತ್ತೆ ಸಮುದ್ರದ ಕಡೆ ತಿರುಗಿ, "ರೂಬೆನ್ ಇದಾನೆ," ಎಂದರು. "ರೂಬೆನ್ ಇದಾನೆ," ಎಂದೆ ನಾನೂ. ಆ ಹೆಸರು ಮೊದಲಿನಷ್ಟೇ ನೋಯಿಸಿತು.

ಆಮೇಲೆ ಮೊಣಕಾಲೂರಿ, ಹಲಗೆಗಳ ಸಂದಿಗೆ ಬಾಯಿಟ್ಟು, ಕೂಗದೆ ಹೇಳಿದೆ: "ಒಬೆತ್ ಇದಾನೆ."

ಕಂಬ ನಿಂತಿತು. ಲೋಟಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಒಂದಕ್ಕೊಂದು ತಾಗುತ್ತಲೇ ಇದ್ದವು.