ಹಂಪು ದಾಟಿ ತಿರುಗಿ ಬಂದವನು

ಬುಧವಾರ ಬೆಳಿಗ್ಗೆ ಮರಳವಾಡಿ ರಸ್ತೆಯಲ್ಲಿ ಗಾಡಿಗಳ ವೇಗ ತಗ್ಗಿಸಲು ಹಾಕಿದ ಹಂಪಿನ ಪಕ್ಕ, ನಾಲ್ವರು ಸೇರಿ ಮನೋಹರನನ್ನು ಗೂಡ್ಸ್ ಆಟೊದಿಂದ ಎಳೆದು ಹೊಡೆದರು. ಎಡಗೈ ಮುರಿಯಿತು. ಅವನು ತಂದಿದ್ದ ರೇಷ್ಮೆಗೂಡಿನ ಚೀಲಗಳನ್ನು ಮೋರಿಗೆ ಎಸೆದರು. ಹೊಡೆದವರಲ್ಲಿ ಒಬ್ಬ ರಾಧಾಮಣಿಯ ಅಣ್ಣ ಅನಂತರಾಜು.

ಆ ಹಂಪಿನ ಎದುರಿಗೇ ರಾಧಾಮಣಿಯ ಮನೆ, ಜಗಲಿಯ ಮೇಲೆ ಅವಳ ಹೊಲಿಗೆ ಮಿಷನ್ನು. ಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವ ಮನೋಹರ ಹಂಪು ದಾಟಿ, ಹುಣಸೆಮರದವರೆಗೆ ಹೋಗಿ, ತಿರುಗಿ ಬರುತ್ತಿದ್ದ. ಮತ್ತೆ ಹೋಗಿ ಮತ್ತೆ ಬರುತ್ತಿದ್ದ. ದಿನಾ ಬೆಳಿಗ್ಗೆ ಮೂರು ಸಲ. ಹೆಣ್ಣಿರುವ ಮನೆ ಮುಂದೆ ಗಂಡಸು ಮೂರು ಸಲ ಸುಳಿದರೆ ಊರು ಅದಕ್ಕೆ ಒಂದೇ ಅರ್ಥ ಕಟ್ಟುತ್ತದೆ.

ಮೊದಮೊದಲು ರಾಧಾಮಣಿಯೂ ಅದೇ ಅರ್ಥ ಕಟ್ಟಿದ್ದಳು. ಕನಕಾಂಬರ ಮುಡಿದು ಕೂತಿದ್ದಳು ಕೂಡ. ಅವನ ಕಣ್ಣು ಅವಳತ್ತ ಏಳಲೇ ಇಲ್ಲ. ಅವನು ಚಕ್ರದ ಕೆಳಗೆ ಬಗ್ಗಿ ನೋಡುವನು, ಮೋರಿಯೊಳಗೆ ನೋಡುವನು, ಬೇಲಿಯ ಸಂದಿ ನೋಡುವನು. ಕೆಮ್ಮಣ್ಣಿನ ಕಲೆ ಕಂಡರೆ ಬೆರಳಲ್ಲಿ ಮುಟ್ಟಿ ಮೂಸುವನು.

ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ.

"ಏನ್ ಕಳ್ಕೊಂಡಿದ್ದೀರಿ ಅಲ್ಲಿ? ಉಂಗುರ ಗಿಂಗುರಾನಾ?"

"ಏನಿಲ್ಲ ಕಣ್ರೀ. ಗಾಡಿ ದಡ್ ಅಂತು."

"ಹಂಪಲ್ವಾ? ದಡ್ ಅನ್ನದೆ ಕೊಳಲು ಊದ್ತದಾ?"

ಅವನು ನಗಲು ಹೋದ, ಆಗಲಿಲ್ಲ. "ಯಾರ ಮೇಲಾದ್ರೂ ಹತ್ತಿಸ್ಬುಟ್ನೇನೋ ಅಂತ."

"ಯಾರೂ ಇಲ್ವಲ್ಲ."

"ಇಲ್ಲ ಅಂತ ನಂಗೂ ಗೊತ್ತು. ಆದ್ರೆ ಮರದ ತಾವ ಹೋಗೋಷ್ಟೊತ್ಗೆ ಇಲ್ಲೊಂದು ಮಗು ಬಿದ್ದಿರ್ತದೆ. ಕಣ್ ಬುಟ್ಕಂಡು ನನ್ನೇ ನೋಡ್ತಿರ್ತದೆ." ಅಂಗೈ ಪ್ಯಾಂಟಿಗೆ ಒರೆಸಿಕೊಂಡ. "ಗೀಳಿನ ಕಾಯಿಲೆ, ಓಸಿಡಿ ಅಂದವ್ರೆ ಡಾಕ್ಟ್ರು. ಮಾತ್ರೆ ನುಂಗ್ತಾ ಇವ್ನಿ. ಮುಂಚೆ ಹತ್ತು ಸಲ ಬತ್ತಿದ್ದೆ."

"ಯಾರೂ ಬಿದ್ದಿಲ್ಲ ಅಂತ ನಾನೇ ದಿನಾ ಕೂಗಿ ಹೇಳ್ಲಾ?"

"ಬ್ಯಾಡಿ. ಯಾರ್ನೂ ಕೇಳ್ಬಾರ್ದಂತೆ. ಕೇಳ್ದಷ್ಟೂ ಹೆಚ್ಚಾಯ್ತದಂತೆ."

"ಹಂಗಾದ್ರೆ ನೀವು ಕಾಲಿಗೆ ಬಿದ್ರೂ ಹೇಳಲ್ಲ ಬುಡಿ."

ಆಗ ನಕ್ಕ. ಮೋರಿಯ ಕಡೆಗೆ ಮುಖ ಮಾಡಿಕೊಂಡೇ.

ಅಂದಿನಿಂದ ಆ ಇಲ್ಲದ ಮಗು ರಾಧಾಮಣಿಯ ರಸ್ತೆಯಲ್ಲೂ ಮಲಗತೊಡಗಿತು. ಸೂಜಿಗೆ ದಾರ ಪೋಣಿಸುತ್ತ ತಲೆಯೆತ್ತಿದರೆ ಬರಿಯ ಡಾಂಬರು. ತಲೆ ತಗ್ಗಿಸಿದರೆ ಯಾರೋ ನೋಡುತ್ತಿರುವ ಹಾಗೆ. ಇದನ್ನು ತಲೆಯೊಳಗಿಟ್ಟುಕೊಂಡು ಗಾಡಿ ಓಡಿಸುವವನ ಧೈರ್ಯ ಎಂಥದ್ದು ಎಂದು ಅವಳ ಎದೆ ಒದ್ದೆಯಾಗುತ್ತಿತ್ತು.

ಒಂದು ದಿನ ಅವನು ಎರಡೇ ಸಲ ಬಂದ. ಅವಳಿಗೆ ಹೆಮ್ಮೆಯಾಯಿತು. ವಾಸಿಯಾದರೆ ಬರುವುದೇ ಇಲ್ಲವಲ್ಲ ಎಂದು ಸಂಕಟವೂ ಆಯಿತು.

ಹೊಡೆದ ದಿನ ಅವಳು ರಸ್ತೆಗೆ ಓಡಿ ಬಂದಿದ್ದಳು. ಅವ್ವ ಒಳಕ್ಕೆಳೆದು ಚಿಲಕ ಹಾಕಿದಳು.

ಭಾನುವಾರ, ಊರ ಹಿರಿಯ ಮರಿಯಪ್ಪ ಕಟ್ಟು ಹಾಕಿದ ಕೈಯ ಮನೋಹರನನ್ನು ರಾಜಿಗೆಂದು ಕರೆತಂದು ಅದೇ ಜಗಲಿಯಲ್ಲಿ ಕೂರಿಸಿದರು. ಅವನು ಸ್ಟೇಷನ್ನಿಗೆ ಹೋದರೆ ನಾಲ್ವರೂ ಒಳಗೆ. ಅದಕ್ಕೇ ಅನಂತರಾಜು ತಂಗಿಯ ಹೆಸರಲ್ಲಿ ಮೊದಲೇ ಕಂಪ್ಲೇಂಟ್ ಬರೆದಿಟ್ಟಿದ್ದ: ಈತ ದಿನಾ ನನ್ನನ್ನು ದಿಟ್ಟಿಸಿ ಕಾಡುತ್ತಿದ್ದ.

"ಸೈನ್ ಹಾಕು."

ರಾಧಾಮಣಿ ಮನೋಹರನತ್ತ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಹಾಕ್ಬುಡಿ," ಅಂದ ಮನೋಹರ. "ನಾಕು ದಿನದಿಂದ ಅದ್ನೇ ಯೋಚ್ನೆ ಮಾಡ್ತಾ ಇವ್ನಿ. ನೋಡಿದ್ನೋ ಏನೋ. ಕೆಟ್ಟ ಕಣ್ಣಲ್ಲೇ ನೋಡಿದ್ನೋ ಏನೋ. ಇಲ್ಲ ಅಂತ ಹೆಂಗೇಳ್ಲಿ?"

ಕೈ ಮುರಿದ ನಾಲ್ವರೂ ಹೊಟ್ಟೆ ತುಂಬ ಉಂಡು ನಿದ್ದೆ ಮಾಡಿದ್ದರು. ಅಪರಾಧ ಮಾತ್ರ ಹೊಡೆಸಿಕೊಂಡವನ ತಲೆಯೊಳಗೆ ಮನೆ ಮಾಡಿತ್ತು.

"ಕೇಳಿಸ್ಕಂಡ್ಯಾ? ಅವ್ನೇ ಒಪ್ಕಂಡ." ಅನಂತರಾಜು ಅವಳ ಬೆರಳ ಸಂದಿಗೆ ಪೆನ್ನು ತುರುಕಿದ.

ಅವಳು ಪೆನ್ನನ್ನು ಕಾಗದದ ಮೇಲಿಟ್ಟಳು.

"ಸೈನ್ ಹಾಕಲ್ಲ. ಅವ್ರು ಒಂದ್ ದಿನಾನೂ ನನ್ನ ನೋಡ್ಲಿಲ್ಲ ಕಣಣ್ಣ. ಮೂರ್ ತಿಂಗ್ಳಿಂದ ನೋಡ್ತಿರೋಳು ನಾನು. ಅವ್ರ ಕತ್ತಿನ ಹಿಂದೆ ಮಚ್ಚೆ ಐತೆ, ಬೇಕಾರೆ ತಿರುಗ್ಸಿ ನೋಡು. ಬರಿಯೋದಾದ್ರೆ ಅದ್ನ ಬರಿ."

"ಗಂಡಸ್ರ ಮುಂದೆ ಏನ್ ಮಾತಮ್ಮಿ ಇದು?" ಅಂದರು ಮರಿಯಪ್ಪ. "ಒಳಕ್ಕೆ ನಡಿ."

ಮನೋಹರ ತಲೆಯೆತ್ತಿದ. ಅವನ ಕಣ್ಣು ಹೆದರುತ್ತ ಹೆದರುತ್ತಲೇ ಅವಳ ಮುಖದ ಮೇಲೆ ಬಂದು ನಿಂತಿತು.

"ಈಗ ನೋಡ್ತಾವ್ರೆ," ಅಂದಳು ರಾಧಾಮಣಿ. "ನಾನು ಒಳಕ್ಕೆ ಹೋಗಲ್ಲ."